ಹೊಳೆಯಾಚೆಯವಳ ಹಲ್ಲು

ಹಲ್ಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಅವಳ ಕೆಲಸ ಕಟ್ಟುಹಲ್ಲು ಮಾಡುವುದು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆ ಡಾಕ್ಟರು ಕಾಣುತ್ತಾರೆ, ಸಹಾಯಕಿ ಕಾಣುತ್ತಾಳೆ, ತಲೆಯ ಮೇಲಿನ ದೀಪ ಕಾಣುತ್ತದೆ. ಹಲ್ಲು ಮಾಡಿದವಳು ಮಾತ್ರ ಕಾಣುವುದಿಲ್ಲ. ಅವಳು ನಾಲ್ಕು ಬೀದಿ ಆಚೆ, ಸೈಕಲ್ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಉಜ್ಜುತ್ತ ಕೂತಿರುತ್ತಾಳೆ. ಡಾಕ್ಟರ ಕಡೆಯಿಂದ ಡಬ್ಬಿಯಲ್ಲಿ ಬಾಯಿಯ ಅಚ್ಚು ಬರುತ್ತದೆ, ಜೊತೆಗೊಂದು ಚೀಟಿ, ಚೀಟಿಯ ಮೇಲೊಂದು ನಂಬರು. ಹೆಸರಿಲ್ಲ, ವಯಸ್ಸಿಲ್ಲ. ಸುತ್ತಲಿನ ಅರ್ಧ ಮುದುಕರು ಅವಳು ಕೊಟ್ಟ ಹಲ್ಲಿನಲ್ಲೇ ನಗುತ್ತಿದ್ದರೂ ಒಬ್ಬರ ಗುರುತೂ ಅವಳಿಗಿರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಅಳುವವರಿಗೆ ಹಲ್ಲು ಕೊಡುವುದಷ್ಟೇ ತನ್ನ ಜವಾಬ್ದಾರಿ, ಕಡಲೆ ಅವರೇ ತಂದುಕೊಳ್ಳಲಿ ಎನ್ನುವುದು ಅವಳ ಹಳೆಯ ತಮಾಷೆ.

ವಯಸ್ಸು ಐವತ್ತೆರಡು, ಒಂಟಿ ಜೀವ, ನಾಲಿಗೆ ಹರಿತ. ಕೈ ಮಾತ್ರ ದೇವರು ಕೊಟ್ಟ ಕೈ. ಅವಳು ಮಾಡಿದ ಸೆಟ್ಟು ವಾಪಸು ಬಂದದ್ದು ಕಡಿಮೆ. ಬಂದರೆ ಎರಡು ಸಲ ತಿದ್ದಿ ಕೊಡುತ್ತಿದ್ದಳು. ಮೂರನೇ ಸಲವೂ ಬಂದರೆ ಉಜ್ಜುವ ಯಂತ್ರ ಆರಿಸಿ, ಸೀರೆ ಕೊಡವಿ, ತಾನೇ ಕ್ಲಿನಿಕ್ಕಿಗೆ ಹೋಗಿ ಆ ಬಾಯಿಯನ್ನು ಕಣ್ಣಾರೆ ನೋಡಿ ಬರುತ್ತಿದ್ದಳು. ಅದು ಅವಳ ಕಸುಬಿನ ಮರ್ಯಾದೆ.

ಭಾನುವಾರ ಮಧ್ಯಾಹ್ನ ಅದೇ ಕೋಣೆಯಲ್ಲಿ, ಪ್ಲಾಸ್ಟರಿನ ಪುಡಿ ಒರೆಸಿದ ಅದೇ ಮೇಜಿನ ಸುತ್ತ, ನಾಲ್ಕು ಜನ ಆಟಕ್ಕೆ ಕೂರುತ್ತಿದ್ದರು. ಅದು ಕಾಯಿ ನಡೆಸುವ ಆಟವಲ್ಲ, ಮಾತಿನ ಆಟ. ಒಬ್ಬರು ಕಥೆ ನಡೆಸಬೇಕು. ಉಳಿದವರು ಒಂದೊಂದು ಪಾತ್ರವಾಗಿ ಕಥೆಯೊಳಗೆ ಹೊಕ್ಕು, ತಾವೇನು ಮಾಡುತ್ತೇವೆಂದು ಹೇಳಿ ದಾಳ ಹಾಕಬೇಕು. ಗೆಲುವು ಸೋಲು ದಾಳ ಹೇಳಿದ ಹಾಗೆ. ಕಥೆ ನಡೆಸುವವಳು ಹಲ್ಲಕ್ಕ. ಪುರಾಣದ ಧಾಟಿಯ ಕಥೆ: ಏಳು ಹೊಳೆಗಳ ಲೋಕ, ವರ ಕೊಟ್ಟು ಆಮೇಲೆ ಕೈ ಕೈ ಹಿಸುಕಿಕೊಳ್ಳುವ ದೇವತೆಗಳು, ಶಾಪ ಹೊತ್ತು ಅಲೆಯುವ ರಾಕ್ಷಸರು. ಇಪ್ಪತ್ತು ಮುಖದ ದಾಳಗಳನ್ನು ಅವಳೇ ಒಸಡಿಗೆ ಬಳಸುವ ಗುಲಾಬಿ ರಾಳದಲ್ಲಿ ಎರಕ ಹೊಯ್ದಿದ್ದಳು.

ಆಡುವವರಲ್ಲಿ ಒಬ್ಬರು ಔಷಧಿ ಅಂಗಡಿ ನಡೆಸಿ ನಿವೃತ್ತರಾದ ಮುದುಕರು. ಆಟದ ನಿಯಮಗಳನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದಿಟ್ಟು, ಯಾರು ಅರ್ಧ ಅಂಗುಲ ಅತ್ತಿತ್ತ ಹೋದರೂ ಬೆರಳೆತ್ತುತ್ತಿದ್ದರಿಂದ ಎಲ್ಲರ ಬಾಯಲ್ಲೂ ಅವರು ರೂಲ್ಸ್ ಮಾವ. ಇನ್ನೊಬ್ಬಳು ಶಾಲಾ ಮಕ್ಕಳ ವ್ಯಾನು ಓಡಿಸುವ ಹುಡುಗಿ. ಮೂರನೆಯವನು ಹಲ್ಲಕ್ಕನ ತಮ್ಮ, ಲಿಫ್ಟ್ ರಿಪೇರಿ ಮಾಡುವವನು, ಆಡಿದರೆ ಮುತ್ತು ಉದುರೀತು ಎನ್ನುವಂಥ ಮೌನಿ.

ಮಾವನ ನೋಟುಬುಕ್ಕಿನ ಏಳನೇ ನಿಯಮವನ್ನು ಇಲ್ಲೇ ಹೇಳಿಬಿಡಬೇಕು. ಖಳ ಸೋತು ಬಿದ್ದಾಗ, ಕೊನೆಯ ಏಟಿಗೆ ಮುಂಚೆ, ಆಡುವವರಲ್ಲಿ ಒಬ್ಬರು ಅವನನ್ನು ಒಂದು ಪ್ರಶ್ನೆ ಕೇಳಬಹುದು. ಖಳನ ಬಾಯಿಂದ ಬರುವ ಆ ಉತ್ತರದಲ್ಲಿ ಸುಳ್ಳಿರಬಾರದು.

ಇಷ್ಟು ವರ್ಷ ಈ ನಿಯಮ ಇದ್ದೂ ಇಲ್ಲದ ಹಾಗೆಯೇ ಇತ್ತು. ಹಲ್ಲಕ್ಕನ ಖಳರನ್ನು ಏನು ಕೇಳುವುದು? ಮೀಸೆ ತಿರುವುತ್ತಿದ್ದರು, ಗಹಗಹಿಸಿ ನಗುತ್ತಿದ್ದರು, ಕಾಲು ಗಂಟೆಯಲ್ಲಿ ಸತ್ತುಬೀಳುತ್ತಿದ್ದರು. ಒಂದು ಭಾನುವಾರ ವ್ಯಾನಿನ ಹುಡುಗಿ ಆಕಳಿಸುತ್ತಲೇ ಒಬ್ಬ ರಾಕ್ಷಸನ ತಲೆ ತೆಗೆದು, ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಳು.

"ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ರಾಕ್ಷಸರೆಲ್ಲ ರಟ್ಟಿನವರು. ಕೊಂದ್ರೂ ಪಾಪ ಅನ್ಸಲ್ಲ. ಕೊಲ್ಲೋಕೆ ಕೈ ಬರಬಾರದು, ಅಂಥವರನ್ನ ಒಬ್ಬರನ್ನ ಮಾಡಿ."

ಹೆತ್ತವರಿಗೆ ಹೆಗ್ಗಣ ಮುದ್ದು; ಹಲ್ಲಕ್ಕನಿಗೆ ಚುರುಕ್ಕೆಂದಿತು. ಆದರೆ ಹುಡುಗಿ ಹೇಳಿದ್ದರಲ್ಲಿ ಹುಳುಕಿರಲಿಲ್ಲ. ಮೂರು ವಾರ ಅವಳು ಮೇಣದಲ್ಲಿ ಹಲ್ಲು ಜೋಡಿಸುತ್ತಲೇ ಯೋಚಿಸಿದಳು. ಕೆಟ್ಟವರು ತಾವು ಕೆಟ್ಟವರೆಂದು ಹೇಳಿಕೊಂಡು ಓಡಾಡುವುದಿಲ್ಲ. ಮಾಡಬಾರದ್ದನ್ನು ಮಾಡಿಯೂ, ಮಾಡಿದ್ದು ಸರಿ ಎಂದು ನಂಬಿಕೊಂಡಿರಬೇಕು. ಕೇಳಿದವರು ಹೌದಲ್ಲವೇ ಎನ್ನಬೇಕು. ಅಂಥವರು ಯಾರಿದ್ದಾರೆ ಎಂದು ಹುಡುಕುವ ಕಷ್ಟ ಅವಳಿಗಿರಲಿಲ್ಲ. ನಲವತ್ತೊಂದು ವರ್ಷದಿಂದ ಎದೆಯಲ್ಲಿ ಒಬ್ಬಳನ್ನು ಸಾಕಿಕೊಂಡು ಬಂದಿದ್ದಳು.

ಹಲ್ಲಕ್ಕನಿಗೆ ಹನ್ನೊಂದು, ತಮ್ಮನಿಗೆ ನಾಲ್ಕು ಇದ್ದಾಗ ಅಮ್ಮ ಮನೆ ಬಿಟ್ಟು ಹೋದಳು. ಹೊಡೆಯಲು ಅಪ್ಪನ ಕೈ ಮುಂದು ಎಂಬುದು ಬೀದಿಗೆಲ್ಲ ಗೊತ್ತಿದ್ದದ್ದೇ. ಹೋದದ್ದನ್ನು ಯಾರೂ ತಪ್ಪೆನ್ನಲಿಲ್ಲ. ತಮ್ಮನನ್ನು ಸೊಂಟಕ್ಕೆ ಹಾಕಿಕೊಂಡು ಹೋದಳು, ಮಗಳನ್ನು ಬಿಟ್ಟು ಹೋದಳು. ಅದಕ್ಕೂ ಹೆಚ್ಚಾಗಿ ಚುಚ್ಚುತ್ತಿದ್ದದ್ದು ಹೋಗುವ ಹಿಂದಿನ ಒಂದು ತಿಂಗಳು. ಆ ತಿಂಗಳು ಅಮ್ಮ ದಿನಾ ಹತ್ತಿರ ಕೂರಿಸಿಕೊಂಡು ಮಗಳಿಗೆ ಒಲೆ ಹಚ್ಚುವುದು ಕಲಿಸಿದಳು, ತನ್ನ ಜಡೆ ತಾನೇ ಹೆಣೆದುಕೊಳ್ಳುವುದು ಕಲಿಸಿದಳು, ಗುಂಡಿ ಹೊಲಿಯುವುದು ಕಲಿಸಿದಳು. ಅಷ್ಟು ಪ್ರೀತಿಯಿಂದ ಯಾವತ್ತೂ ಕಲಿಸಿರಲಿಲ್ಲ. ಒಂದೇ ಕಡ್ಡಿಯಲ್ಲಿ ಒಲೆ ಹತ್ತಿಸಿದ ದಿನ ಅಮ್ಮ ಚಪ್ಪಾಳೆ ತಟ್ಟಿ ತಬ್ಬಿಕೊಂಡಳು. ಮೂರು ದಿನಕ್ಕೆ ಮನೆಯಲ್ಲಿ ಅಮ್ಮನಿರಲಿಲ್ಲ. ಆ ಪ್ರೀತಿಯೆಲ್ಲ ಹೊರಡುವವಳ ತಯಾರಿ ಎಂದು ಹುಡುಗಿಗೆ ತಿಳಿಯಲು ವರ್ಷಗಳು ಬೇಕಾದವು. ತಿಳಿದ ಮೇಲೆ ಯಾರಾದರೂ ಪ್ರೀತಿಯಿಂದ ಮಾತಾಡಿಸಿದರೆ ಎದ್ದು ಹೋಗುವುದು ಅಭ್ಯಾಸವಾಯಿತು. ಮದುವೆಯ ಮಾತು ಬಂದಾಗಲೂ ಹಾಗೇ ಎದ್ದು ಹೋಗಿದ್ದಳು.

ಅಪ್ಪ ಸಿಟ್ಟಿಗೆ ಅಮ್ಮನ ಫೋಟೋಗಳನ್ನೆಲ್ಲ ಒಲೆಗೆ ಹಾಕಿದ. ಒಲೆ ಹಚ್ಚಿಕೊಟ್ಟದ್ದು ಮಗಳೇ. ಆಮೇಲೆ ಅಮ್ಮನ ಮುಖ ಸ್ವಲ್ಪಸ್ವಲ್ಪವಾಗಿ ನೆನಪಿನಿಂದಲೂ ಅಳಿಸಿಹೋಯಿತು.

ಎಂಟು ವರ್ಷದ ಹಿಂದೆ ಅಪ್ಪ ತೀರಿಕೊಂಡ ಸುದ್ದಿ ಕೇಳಿ ತಮ್ಮ ಹುಡುಕಿಕೊಂಡು ಬಂದ. ಆ ಹೆಂಗಸಿನ ಮಾತು ಈ ಹೊಸ್ತಿಲೊಳಗೆ ಬರಕೂಡದು ಎಂದು ಮೊದಲ ದಿನವೇ ಕಟ್ಟುಮಾಡಿ ಅಕ್ಕ ಅವನನ್ನು ಒಳಗೆ ಬಿಟ್ಟಳು. ಒಡಹುಟ್ಟಿದವರಿಬ್ಬರ ನಡುವೆ ಆಡಲು ಇದ್ದದ್ದೇ ಆ ಒಂದು ಮಾತು. ಅದನ್ನೂ ನಿಷೇಧಿಸಿದರೆ ಉಳಿಯುವುದೇನು? ಮೂರು ಭಾನುವಾರ ಸುಮ್ಮನೆ ಕೂತರು. ನಾಲ್ಕನೆಯ ವಾರ ತಮ್ಮನೇ ಗೆಳೆಯರ ಮನೆಯಿಂದ ಆಟದ ಪೆಟ್ಟಿಗೆ ತಂದ. ಹಾಗೆ ಶುರುವಾದದ್ದು ಇದು. ಎಂಟು ವರ್ಷದಲ್ಲಿ ಅವರು ರಾಕ್ಷಸರ ಬಗ್ಗೆ ಆಡದ ಮಾತಿಲ್ಲ, ಅಮ್ಮನ ಬಗ್ಗೆ ಆಡಿದ ಮಾತು ಒಂದೇ. ಹೋದ ವರ್ಷ ತಮ್ಮ ಬಾಗಿಲಲ್ಲೇ ನಿಂತು, "ಅಮ್ಮ ಹೋದ್ಳು" ಎಂದ. ಅಕ್ಕ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ದವಡೆಹಲ್ಲನ್ನು ಉಜ್ಜುತ್ತಲೇ ಇದ್ದಳು; ಉಜ್ಜಿ ಉಜ್ಜಿ ಅದು ಕೆಲಸಕ್ಕೆ ಬಾರದ ಹಾಗಾಯಿತು.

ಈಗ ಅವಳು ಅಮ್ಮನನ್ನು ಖಳನಾಯಕಿಯಾಗಿ ಮಾಡಲು ಕೂತಳು. ಹೊಳೆಯಾಚೆಯವಳು ಎಂದು ಕರೆದಳು. ಮೊದಲು ಅವಳೊಬ್ಬ ಅಂಬಿಗಿತ್ತಿ. ಪ್ರಳಯದ ಹೊಳೆ ಉಕ್ಕುವುದೆಂದು ದೇವತೆ ಅವಳಿಗೆ ಒಂದು ತಿಂಗಳು ಮೊದಲೇ ಹೇಳಿತ್ತು. ಅವಳ ದೋಣಿಗಿದ್ದ ವರ ಒಂದು ಮಗುವನ್ನು ದಾಟಿಸುವಷ್ಟು. ಅವಳಿಗಿದ್ದದ್ದು ಎರಡು. ಒಂದು ತಿಂಗಳು ಹಿರಿಯವಳಿಗೆ ಬೆಂಕಿ ಹಚ್ಚುವುದು ಕಲಿಸಿ, ಕಿರಿಯವನನ್ನು ದೋಣಿಗೆ ಹಾಕಿಕೊಂಡು ದಾಟಿದಳು. ತಿರುಗಿ ನೋಡುವಷ್ಟರಲ್ಲಿ ದಡವೇ ಇರಲಿಲ್ಲ. ಅಂದಿನಿಂದ ಅವಳಿಗೆ ಹುಚ್ಚು ಹಿಡಿದಿದೆ. ಎರಡು ಮಕ್ಕಳಿರುವ ಮನೆಗಳಿಗೆ ನುಗ್ಗಿ ಒಂದನ್ನು ಕಿತ್ತುಕೊಂಡು ಹೊಳೆ ದಾಟಿಸುತ್ತಾಳೆ. ಒಂದಾದರೂ ಉಳಿಯಲಿ ಎನ್ನುವುದೇ ಅವಳ ಮಂತ್ರ.

ಬರೆದು ಮುಗಿಸಿ ಹಲ್ಲಕ್ಕ ಹಾಳೆ ಮಡಿಸಿಟ್ಟಳು. ಅವಳಿಗೆ ಅಂತರಂಗದಲ್ಲಿ ಒಂದೇ ಆಸೆ: ಹೊಳೆಯಾಚೆಯವಳು ಇದೇ ಮೇಜಿನ ಮೇಲೆ ಸಾಯಬೇಕು, ಕೊನೆಯ ಏಟು ತಮ್ಮನ ಕೈಯಿಂದಲೇ ಬೀಳಬೇಕು. ದಾಟಿಸಿದ ಮಗನೇ ದಾಟಿಸಿದವಳನ್ನು ಕೊಂದರೆ, ಆಗ ಇಬ್ಬರೂ ಒಂದೇ ದಡದವರಾಗುತ್ತಾರೆ ಎಂದುಕೊಂಡಿದ್ದಳು. ಎಂಥ ಲೆಕ್ಕಾಚಾರ ನೋಡಿ. ನೋವು ತಿಂದವರ ಲೆಕ್ಕಗಳು ಹೀಗೇ ಇರುತ್ತವೆ.

ಒಂದು ಕೊರತೆ ಉಳಿದಿತ್ತು. ಹೊಳೆಯಾಚೆಯವಳಿಗೆ ಮುಖವಿರಲಿಲ್ಲ. ಅಮ್ಮನ ಮುಖ ನೆನಪಿಲ್ಲದ ಹಲ್ಲಕ್ಕ, ತನಗೆ ಚೆನ್ನಾಗಿ ಗೊತ್ತಿದ್ದ ಒಂದು ಬಾಯನ್ನು ಅವಳಿಗೆ ಕೊಟ್ಟಳು. ಅದು ಮುನ್ನೂರ ಹದಿನೆಂಟನೆಯ ನಂಬರಿನ ಬಾಯಿ. ಆರು ವರ್ಷದ ಹಿಂದೆ ಮಾಡಿದ ಆ ಸೆಟ್ಟು ಅವಳ ಪಾಲಿನ ಕಗ್ಗಂಟು. ಮೊದಲ ಚೀಟಿಯಲ್ಲೇ, ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಮೊದಲಿದ್ದ ಹಾಗೆ ಸಣ್ಣ ಸಂದು ಬೇಕೆಂದು ಬರೆದಿತ್ತು. ಇರುವ ಸಂದು ಮುಚ್ಚಿಸಿಕೊಳ್ಳುವವರನ್ನು ಕಂಡಿದ್ದಳು, ಸಂದು ಬೇಡಿದವರನ್ನು ಕಂಡಿರಲಿಲ್ಲ. ಬೇಡಿದಂತೆ ಮಾಡಿಕೊಟ್ಟಳು. ಸೆಟ್ಟು ವಾಪಸು ಬಂತು, ಒತ್ತುತ್ತದಂತೆ. ಅಚ್ಚಿನ ಮೇಲಿಟ್ಟು ನೋಡಿದರೆ ಕೂದಲೆಳೆಯಷ್ಟೂ ತಪ್ಪಿಲ್ಲ. ಮತ್ತೆ ಬಂತು, ಮತ್ತೆ ಬಂತು. ನಾಲ್ಕನೇ ಸಲ ಡಾಕ್ಟರ ಸಹಾಯಕಿಯೇ ಫೋನು ಮಾಡಿ ಒಮ್ಮೆ ಬಂದು ನೋಡಿ ಎಂದಳು. ತಪ್ಪಿಲ್ಲದ ಕಡೆ ನಾನ್ಯಾಕೆ ಬರಲಿ ಎಂದು ಹಲ್ಲಕ್ಕ ಹಠ ಹಿಡಿದಳು. ಆಮೇಲೆ ವರ್ಷಗಳು ಸದ್ದಿಲ್ಲ. ಹೋದ ವರ್ಷದ ಹಿಂದಿನ ವರ್ಷ ಐದನೇ ಸಲ ಬಂತು, ಹೊಸದಾಗಿ ತೆಗೆದ ಪ್ಲಾಸ್ಟರಿನ ಅಚ್ಚು ಬಟ್ಟೆಯ ಚೀಲದಲ್ಲಿ ಜೊತೆಗಿತ್ತು. ಹಲ್ಲಕ್ಕ ಚೀಲದ ದಾರವನ್ನೂ ಬಿಚ್ಚದೆ ಅದನ್ನು ಕಪಾಟಿನ ಮೇಲೆ ಎಸೆದಳು. 'ಸೆಟ್ಟು ಸರಿಯಾಗಿದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ' ಎಂದು ಚೀಟಿ ಬರೆದು ಸೆಟ್ಟನ್ನಷ್ಟೇ ಮರುದಿನ ವಾಪಸು ಕಳಿಸಿದಳು. ಅದನ್ನು ಆಟದ ಮೇಜಿನಲ್ಲೂ ಹೇಳಿ ಎಲ್ಲರನ್ನೂ ನಗಿಸಿದ್ದಳು. ತಮ್ಮ ಅವತ್ತು ಲಿಫ್ಟ್ ಕೆಟ್ಟಿದೆಯೆಂದು ಬಂದಿರಲಿಲ್ಲ.

ಹೊಸ ಖಳನಾಯಕಿಯನ್ನು ಮೇಜಿಗೆ ತಂದ ಭಾನುವಾರ ಆಟ ಹಿಂದೆಂದೂ ಇಲ್ಲದ ಹಾಗೆ ನಡೆಯಿತು. ಬೆಂಕಿ ಹಚ್ಚಲು ಕಲಿಸಿದ ಭಾಗ ಬಂದಾಗ ವ್ಯಾನಿನ ಹುಡುಗಿ ಕಣ್ಣೊರೆಸಿಕೊಂಡಳು. ಮಾವ ನಿಯಮ ಮರೆತು ಬಾಯಿ ಬಿಟ್ಟುಕೊಂಡು ಕೇಳಿದರು. ತಮ್ಮನಿಗೆ ಇದು ಯಾರ ಕಥೆಯೆಂದು ಗೊತ್ತಾಗಿತ್ತು. ಅವನು ದಾಳವನ್ನು ಅಂಗೈಯಲ್ಲಿ ತಿರುಗಿಸುತ್ತ ತಲೆ ತಗ್ಗಿಸಿದ್ದ. ಮೂರು ಗಂಟೆ ಕಾದಾಡಿದ ಮೇಲೆ ಹೊಳೆಯಾಚೆಯವಳು ಮಂಡಿಯೂರಿದಳು. ಅವಳ ಮುಸುಕು ಜಾರಿತು. ಹಲ್ಲಕ್ಕ ಅವಳ ಬಾಯನ್ನು ಬಣ್ಣಿಸಿದಳು: ಎಡಗಡೆ ಸವೆದು ಚಪ್ಪಟೆಯಾದ ಒಸಡು, ನಕ್ಕರೆ ಎಡಕ್ಕೆ ಜಾರುವ ಹಲ್ಲುಸಾಲಿನ ನಡುಗೆರೆ, ಮೇಲಿನ ಎರಡು ಹಲ್ಲುಗಳ ನಡುವೆ ಒಂದು ಸಂದು.

ತಮ್ಮ ದಾಳ ಕೆಳಗಿಟ್ಟ.

"ನಿಂಗೆ ಗೊತ್ತಿತ್ತಾ?" ಎಂದ.

ಏನು ಎಂದು ಅಕ್ಕ ಕೇಳಿದಳು.

"ಮುನ್ನೂರ ಹದಿನೆಂಟು ಅಮ್ಮ ಅಂತ."

ಎಂಟು ವರ್ಷ ಬಾಯಿ ಕಟ್ಟಿಕೊಂಡಿದ್ದವನು ಅವತ್ತು, ಮೇಜಿನ ಅಂಚು ನೋಡುತ್ತ, ಎಲ್ಲ ಹೇಳಿದ. ಅಮ್ಮನ ಹಲ್ಲೆಲ್ಲ ಉದುರಿದಾಗ ಮನೆಯ ಪಕ್ಕದಲ್ಲೇ ಹಲ್ಲಿನ ಡಾಕ್ಟರಿದ್ದರು. ಅವಳು ಮೂರು ಬಸ್ಸು ಬದಲಾಯಿಸಿ ಈ ಕ್ಲಿನಿಕ್ಕಿಗೇ ಬಂದಳು, ಇಲ್ಲಿಯ ಹಲ್ಲು ಮಗಳ ಕೈಯಲ್ಲಿ ಆಗುತ್ತದೆಂದು. ಯಾವ ಮುಖ ಹೊತ್ತು ಅವಳ ಬಾಗಿಲಿಗೆ ಹೋಗಲಿ ಎನ್ನುತ್ತಿದ್ದಳು. ಸೆಟ್ಟು ಮತ್ತೆಮತ್ತೆ ಕೂರದಿದ್ದರೆ ಮಾಡಿದವಳೇ ಬಂದು ಬಾಯಿ ನೋಡುತ್ತಾಳೆಂದು ಸಹಾಯಕಿ ಒಮ್ಮೆ ಮಾತಿಗೆ ಅಂದಿದ್ದಳು. ಅಮ್ಮ ಅದನ್ನೇ ಹಿಡಿದಳು. ಮೊದಲ ನಾಲ್ಕು ಸಲ ಸೆಟ್ಟು ಎಲ್ಲೂ ಒತ್ತಿರಲಿಲ್ಲ. ಪ್ರತಿ ಸಲವೂ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಕುರ್ಚಿಯಲ್ಲಿ ಕಾದು ಕೂತು ಬಂದಿದ್ದಳು. ಅವಳಾಗಿ ಬಂದರೆ ಬರಲಿ, ನೀನು ಹೇಳಬೇಡ ಎಂದು ಮಗನಿಂದ ಮಾತು ತೆಗೆದುಕೊಂಡಿದ್ದಳು.

"ಐದನೇ ಸಲ?" ಎಂದು ಅಕ್ಕ ಕೇಳಿದಳು.

ಐದನೇ ಸಲ ಕಾಯಿಲೆ ಶುರುವಾಗಿತ್ತು, ಅಮ್ಮ ಇಳಿದುಹೋಗಿದ್ದಳು ಎಂದಷ್ಟೇ ತಮ್ಮ ಹೇಳಿದ. ಚೀಟಿ ಬಂದ ಮೇಲೆ ಮತ್ತೆ ಕಳಿಸಲಿಲ್ಲ. ಆ ಚೀಟಿಯನ್ನು ಓದಿ, ಅಕ್ಷರ ದುಂಡಗಿದೆ ನೋಡೋ ಎಂದು ಪರ್ಸಿನಲ್ಲಿಟ್ಟುಕೊಂಡಳು. ಇಷ್ಟು ಹೇಳಿ ಅವನು ಎದ್ದು ಹೊರಟುಹೋದ. ಹೊಳೆಯಾಚೆಯವಳು ಮಂಡಿಯೂರಿದಲ್ಲೇ ಉಳಿದಳು.

ಆ ವಾರ ಹಲ್ಲಕ್ಕ ಹೇಗೆ ಕಳೆದಳೆಂದು ಹೇಳಲು ಮಾತು ಸಾಲದು. ಕನ್ನಡಿಯ ಮುಂದೆ ನಿಂತು ತನ್ನ ಹಲ್ಲು ನೋಡಿಕೊಂಡಳು. ಚಿಕ್ಕಂದಿನಿಂದ ದಿನಾ ಉಜ್ಜುವ ಹಲ್ಲು; ಮೇಲೆ ಎರಡು ಹಲ್ಲುಗಳ ನಡುವೆ ಅದೇ ಸಂದು. ಸಾವಿರಾರು ಬಾಯಿಗಳನ್ನು ಅಳೆದ ಕಣ್ಣಿಗೆ ಇದೊಂದು ಕಾಣಲಿಲ್ಲವಲ್ಲ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಮೂರನೇ ಸಲಕ್ಕೇ ತಾನೇ ಹೋಗುವುದು ಅವಳ ಕಸುಬಿನ ಮರ್ಯಾದೆಯಾಗಿತ್ತು. ಆ ಮರ್ಯಾದೆಯನ್ನು ಜೀವಮಾನದಲ್ಲಿ ಒಬ್ಬಳಿಗೆ ಮಾತ್ರ ತಪ್ಪಿಸಿದ್ದಳು, ಆ ಒಬ್ಬಳು ಹೆತ್ತವಳು. ಕಪಾಟಿನ ಮೇಲಿನ ಬಟ್ಟೆಯ ಚೀಲವನ್ನು ಇಳಿಸಿಕೊಂಡು ತೊಡೆಯ ಮೇಲಿಟ್ಟುಕೊಂಡಳು. ಬಿಚ್ಚುವ ಧೈರ್ಯ ಬರಲಿಲ್ಲ.

ಮುಂದಿನ ಭಾನುವಾರ ಮೂವರೂ ಬಂದರು. ತಮ್ಮ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ತಂದಿದ್ದ. ಅದನ್ನು ದಾಳಗಳ ಪಕ್ಕ ಇಟ್ಟು ಮುಚ್ಚಳ ತೆಗೆದ. ಒಳಗೆ ಹತ್ತಿಯ ಮೇಲೆ ಅಮ್ಮನ ಹಲ್ಲು.

ಹಲ್ಲಕ್ಕ ಚೀಲದ ದಾರ ಬಿಚ್ಚಿದಳು. ಎರಡು ವರ್ಷ ಯಾರೂ ಮುಟ್ಟದ ಅಚ್ಚು ಹೊರಬಂತು. ಅಮ್ಮನ ಕೊನೆಯ ಬಾಯಿ ಅದು, ಒಸಡು ತೇಯ್ದು ಗೆರೆಯಷ್ಟೇ ಉಳಿದಿತ್ತು. ಅದರ ಮೇಲೆ ಕೆಳಗಿನ ಸೆಟ್ಟು ಇಟ್ಟು, ಕಸುಬಿನವರು ಮಾಡುವ ಹಾಗೆ ಎರಡು ಬೆರಳಲ್ಲಿ ಮೆಲ್ಲನೆ ಒತ್ತಿದಳು. ಸೆಟ್ಟು ಟಕ್ಕೆಂದು ಎಡಕ್ಕೆ ವಾಲಿತು. ಇನ್ನೊಂದು ಬದಿ ಒತ್ತಿದಳು, ಟಕ್ಕೆಂದು ಬಲಕ್ಕೆ ವಾಲಿತು. ಅಂಥ ಸೆಟ್ಟು ಬಾಯಲ್ಲಿ ಏನು ಮಾಡುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತುತ್ತು ತುತ್ತಿಗೂ ಹಸಿ ಒಸಡನ್ನು ಕೊಯ್ಯುತ್ತದೆ. ಅರ್ಧ ದಿನದ ಕೆಲಸ, ತಳಕ್ಕೆ ಹೊಸ ರಾಳ ಕೂರಿಸಿದ್ದರೆ ಮುಗಿಯುತ್ತಿತ್ತು. ಈಗ ಎಷ್ಟು ರಾಳ ಸುರಿದರೇನು, ಹಾಕಿಕೊಳ್ಳುವ ಬಾಯಿಯೇ ಇಲ್ಲ.

ಮಾವ ಮೆಲ್ಲನೆ, ಆಟವನ್ನು ಇಲ್ಲಿಗೇ ಬಿಟ್ಟರೂ ಆದೀತು ಎಂದರು. ತಮ್ಮ ತಲೆಯಾಡಿಸಿದ. ಮಂಡಿಯೂರಿದವಳನ್ನು ಹಾಗೇ ಬಿಟ್ಟು ಹೋಗುವುದು ಬೇಡ, ಏಳನೇ ನಿಯಮ ಬಾಕಿಯಿದೆ ಎಂದ. ಪ್ರಶ್ನೆ ಕೇಳುವ ಸರದಿ ಅವನದು. ಅವನು ಎದ್ದು ಅಕ್ಕನ ಕುರ್ಚಿಯ ಬಳಿ ಬಂದ.

"ನೀನು ನನ್ನ ಜಾಗದಲ್ಲಿ ಕೂತ್ಕೋ. ಪ್ರಶ್ನೆ ನೀನು ಕೇಳು. ಅವಳಾಗಿ ನಾನು ಹೇಳ್ತೀನಿ. ಅವಳ ಜೊತೆ ಇದ್ದೋನು ನಾನು."

ಅಕ್ಕ ಜಾಗ ಬದಲಾಯಿಸಿ ಕೂತಳು. ಎದುರಿಗೆ ಹೊಳೆಯಾಚೆಯವಳ ಕುರ್ಚಿಯಲ್ಲಿ ತಮ್ಮ, ನಡುವೆ ಅಮ್ಮನ ಹಲ್ಲು. ನಲವತ್ತೊಂದು ವರ್ಷ ಒಂದೇ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕಿದವಳು. ಯಾಕೆ ನನ್ನನ್ನು ಬಿಟ್ಟೆ ಎಂದು ಅವಳು ಕೇಳುತ್ತಾಳೆಂದೇ ಎಲ್ಲರೂ ಕಾದರು. ಅವಳೂ ಅದನ್ನೇ ಕೇಳಲು ಬಾಯಿ ತೆರೆದಳು. ಕಣ್ಣು ಆ ಅಚ್ಚಿನ ಮೇಲೆ ಬಿತ್ತು.

"ಅಮ್ಮ," ಎಂದಳು. ನಲವತ್ತೊಂದು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ತುಂಬ ನೋಯ್ತಿತ್ತಾ?"

ತಮ್ಮ ಅಕ್ಕನ ಮುಖ ನೋಡಿದ. ಕೊನೆಯ ತಿಂಗಳುಗಳಲ್ಲಿ ತಾಯಿಗೆ ಗಂಜಿ ಕುಡಿಸಿ, ಬಾಯಿಯ ರಕ್ತ ಒರೆಸಿದವನು ಅವನು.

"ಇಲ್ಲ ಮಗಳೇ," ಎಂದ. "ಚೆನ್ನಾಗಿ ಕೂತಿತ್ತು."

ರೂಲ್ಸ್ ಮಾವನ ಬೆರಳು ಅಭ್ಯಾಸದಂತೆ ಮೇಲೆದ್ದಿತು. ಖಳನಾಯಕಿಯ ಕೊನೆಯ ಉತ್ತರದಲ್ಲಿ ಸುಳ್ಳಿರಬಾರದು. ಎದುರಿಗೇ ಮೇಜಿನ ಮೇಲೆ ವಾಲಿಕೊಂಡ ಸೆಟ್ಟಿತ್ತು. ಅವರು ಬೆರಳು ಇಳಿಸಿ, ನೋಟುಬುಕ್ಕನ್ನು ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತರು.